ತುಟಿಯ ಕಾಗದ

ವಿಶಾಖಪಟ್ಟಣದ ದಂತ ಕಾಲೇಜಿನಲ್ಲಿ ನನ್ನ ಪ್ರಬಂಧ ತುಟಿ ಗುರುತಿನ ಮೇಲೆ. ಬೆರಳಚ್ಚಿನಂತೆ ತುಟಿಯ ಗೆರೆಗಳೂ ಒಬ್ಬೊಬ್ಬರದ್ದು ಒಂದೊಂದು ಥರ ಎನ್ನುತ್ತಾ, ಅಲ್ಲಿನ ಎಂವಿಪಿ ಕಾಲೋನಿಯ ಮನೆಮನೆ ಸುತ್ತಿ, ಲಿಪ್‌ಸ್ಟಿಕ್ ಹಚ್ಚಿಸಿ ಸೆಲ್ಲೋಟೇಪಿಗೆ ಒತ್ತಿಸಿಕೊಂಡು ಕಾಗದಕ್ಕೆ ಅಂಟಿಸಿದವಳು ನಾನು. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಒಂದು ಶನಿವಾರ ವಿಜಯವಾಡದ ಅಕ್ಕನ ಮನೆಗೆ ಹೋದೆ. ಭಾವ ಬ್ಯಾಂಕಿನವರು, ವರ್ಗವಾಗಿ ಬಂದು ನಾಲ್ಕು ವರ್ಷ. ಮರುದಿನ ಮಧ್ಯಾಹ್ನ ನೋಡಿದರೆ ಅಕ್ಕನ ಬೀರುವಿನಲ್ಲಿ ಚಿನ್ನದ ಸರ ಇರಲಿಲ್ಲ. ಅದೇ ಕೋಣೆಯ ಕಿಟಕಿಯಲ್ಲಿ ಒಂದು ಗಾಜಿನ ಲೋಟ, ಅಂಚಿನಲ್ಲಿ ತುಟಿಯ ಜಿಡ್ಡು.

"ಕೆಲಸದವಳು ಒಳಗೆ ಬಂದಿದ್ದಾಳೆ ಕಣೇ. ನೀನೇ ನೋಡ್ಬಿಡು, ಇದನ್ನೇ ಅಲ್ವಾ ಓದ್ತಿರೋದು?" ಎಂದಳು ಅಕ್ಕ.

ಕೆಲಸದಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾನು ಆ ರೂಮಿಗೆ ಕಾಲಿಟ್ಟಿಲ್ಲಮ್ಮಾ" ಎಂದು ತೆಲುಗಿನಲ್ಲಿ ಒಂದೇ ಸಲ ಹೇಳಿದಳು. ನಾನು ಅವಳ ತುಟಿಗೆ ಬಣ್ಣ ಹಚ್ಚಿದೆ. ತುಟಿ ನಡುಗುತ್ತಿತ್ತು. ಅಲುಗಾಡಿದರೆ ಗುರುತು ಕದಡುತ್ತದೆ ಎಂದು ಗದರಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ. ಟೇಪಿಗೆ ಒತ್ತಿಸಿ ಕಾಗದಕ್ಕೆ ಅಂಟಿಸಿದ ಅವಳ ಗುರುತನ್ನು ಲೋಟದ ಪಕ್ಕ ಹಿಡಿದೆ. ಭೂತಗನ್ನಡಿಯಲ್ಲಿ ಕವಲೊಡೆದ ಎರಡು ಗೆರೆ ಹೊಂದಿದ್ದೇ ತಡ, "ಹೋಲುತ್ತೆ" ಅಂದುಬಿಟ್ಟೆ.

ಪೊಲೀಸರಿಗೆ ಹೇಳಲು ಅಕ್ಕ ಫೋನ್ ಎತ್ತಿಕೊಂಡಳು. ಕೆಲಸದಾಕೆಗೆ ಗಂಟಲು ಒಣಗಿತ್ತೇನೋ, ಅಡುಗೆಮನೆಯ ಲೋಟ ತೆಗೆದುಕೊಂಡು, ಕತ್ತು ಹಿಂದಕ್ಕೆ ಬಾಗಿಸಿ, ಮೇಲಿನಿಂದ ನೀರು ಸುರಿದುಕೊಂಡಳು. ಅಂಚಿಗೆ ಬಣ್ಣ ತಾಗಲೇ ಇಲ್ಲ. ಲೋಟ ಎಂಜಲು ಮಾಡಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಅಕ್ಕ ಹೇಳಿದ್ದಳು. ನಾಲ್ಕು ವರ್ಷ ಅವಳು ಹೀಗೆಯೇ ಕುಡಿದಿದ್ದಳು.

ಆಗ ನನಗೆ ನೆನಪಾಯಿತು. ಬೆಳಿಗ್ಗೆ ಆ ಕಿಟಕಿಯ ಬಳಿ ನಿಂತು ತಲೆನೋವಿನ ಮಾತ್ರೆ ನುಂಗಿದ್ದು ನಾನು. ತುಟಿಗೆ ಲಿಪ್ ಬಾಮ್ ಬೇರೆ. ಮನೆಯಲ್ಲಿರುವ ಎಲ್ಲರ ಗುರುತೂ ತೆಗೆದುಕೊಂಡು ಹೋಲಿಸಬೇಕು ಎಂಬುದು ನಮ್ಮ ಮೊದಲ ಪಾಠ. ನಾನು ತೆಗೆದದ್ದು ಅವಳೊಬ್ಬಳದ್ದೇ.

ನನ್ನ ತುಟಿಗೂ ಬಣ್ಣ ಹಚ್ಚಿ, ಟೇಪಿಗೆ ಒತ್ತಿ, ಕಿಟಕಿಯ ಲೋಟದ ಪಕ್ಕ ಹಿಡಿದೆ. ಒಂದು ಗೆರೆಯೂ ತಪ್ಪಲಿಲ್ಲ.

"ಫೋನ್ ಇಡಕ್ಕಾ. ಲೋಟ ನಂದು."

"ಮತ್ತೆ ಸರ?" ಎಂದಳು ಅಕ್ಕ.

ಕೆಲಸದಾಕೆಯ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವಳು ಕೈ ಚಾಚಿದಳು.

"ನನ್ನ ತುಟಿಯ ಕಾಗದ ಕೊಡಿ ಅಮ್ಮಾ."

ಕೊಟ್ಟೆ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೆರಗಿನಿಂದ ಬಣ್ಣ ಒರೆಸಿಕೊಂಡಳು. ಆಮೇಲೆ ತಾನು ಕುಡಿದ ಲೋಟವನ್ನು ತೊಳೆದು, ಬೋರಲು ಹಾಕಿ, ಮೆಟ್ಟಿಲಿಳಿದು ಹೋದಳು.