ಚೌಡಮ್ಮನನ್ನು ಹೂ ಕೇಳಿದ್ದು

ಪಾಲ್ಗೊಳ್ಳುವ ಅಧ್ಯಾತ್ಮದ ಬಗ್ಗೆ ಚರ್ಚಿಸಲು ನಾವು ಕೆಲವರು ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಮಹಡಿ ಕೋಣೆಯಲ್ಲಿ ಶನಿವಾರ ಶನಿವಾರ ಸೇರುತ್ತಿದ್ದೆವು. ಅಲ್ಲಿಗೆ ಹೊಸದಾಗಿ ಬಂದವರಿಗೆ ಮೊದಲು ಹೇಳುತ್ತಿದ್ದ ನಿಯಮವೇನೆಂದರೆ, ಭಾಷಣ ಮುಗಿಯುವ ತನಕ ಯಾರೂ ಬಾಯಿ ತೆರೆಯಕೂಡದು. ಪಾಲ್ಗೊಳ್ಳುವುದೆಲ್ಲ ಕೊನೆಯಲ್ಲಿ, ಅದೂ ಕಾಫಿ ಬರುವುದು ತಡವಾದರೆ ಮಾತ್ರ.

ನಾನು ಒಂದು ಕಾಲೇಜಿನಲ್ಲಿ ಹುಡುಗ ಹುಡುಗಿಯರ ಮನಸ್ಸಿನ ಗೋಳು ಕೇಳುವ ಕೆಲಸದಲ್ಲಿದ್ದೇನೆ. ಓದಿದ್ದು ವ್ಯಕ್ತಿಯಾಚೆಗಿನ ಮನಶ್ಶಾಸ್ತ್ರ. ಅಂದರೆ, ಮನುಷ್ಯನಿಗೆ ‘ನಾನು’ ಅನ್ನುವುದು ಕಳಚಿಬಿದ್ದು ಇನ್ನೇನೋ ದೊಡ್ಡದು ತಾಕಿದಾಗ ಏನಾಗುತ್ತದೆ ಅಂತ ವಿಚಾರಿಸುವ ಶಾಸ್ತ್ರ. ಈ ಶಾಸ್ತ್ರದವರು ತಮ್ಮ ತಮ್ಮ ‘ನಾನು’ವನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಅಂತ ನೋಡಬೇಕಾದರೆ ಒಂದು ಶನಿವಾರ ಬಂದು ಕೂತರೆ ಸಾಕು.

ನಮ್ಮಲ್ಲಿ ಎರಡು ಬಣ. ಒಂದಕ್ಕೆ ಗಿರಣಿಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಹಿರಿಯರು ಮುಖಂಡರು. ದಾರಿ ಎಷ್ಟಾದರೂ ಇರಲಿ, ಬೆಟ್ಟದ ತುದಿ ಒಂದೇ, ಎಲ್ಲ ದೇವರೂ ಒಂದೇ ಸತ್ಯದ ವೇಷಗಳು ಎಂಬುದು ಅವರ ವಾದ. ಇನ್ನೊಂದಕ್ಕೆ ಪ್ರೊಫೆಸರ್ ಮೇಡಂ. ಎಲ್ಲೋ ಸಿದ್ಧವಾಗಿ ಕೂತಿರುವ ಸತ್ಯ ಅಂತ ಯಾವುದೂ ಇಲ್ಲ, ದೇವರೂ ಮನುಷ್ಯರೂ ಕೈ ಸೇರಿಸಿದಾಗಲೇ ಅದು ಹುಟ್ಟುವುದು, ಆದ್ದರಿಂದ ಬೆಟ್ಟವೂ ಒಂದಲ್ಲ ತುದಿಯೂ ಒಂದಲ್ಲ ಎಂಬುದು ಅವರದು. ನಾನು ಮೇಡಂ ಕಡೆ. ದೈವದ ಜೊತೆ ಕೈ ಸೇರಿಸುವುದರ ಬಗ್ಗೆ ಒಂದು ಪ್ರಬಂಧವನ್ನೂ ಓದಿ ಚಪ್ಪಾಳೆ ಗಿಟ್ಟಿಸಿದ್ದೆ.

ಆ ದಿನಗಳಲ್ಲೇ ಪೊಳ್ಳಾಚಿ ಕಡೆಯ ನೆಗಮಂನಲ್ಲಿರುವ ಅವ್ವನ ಕೊರಳಲ್ಲಿ ಗಡ್ಡೆ ಕಾಣಿಸಿಕೊಂಡಿತು.

ನಮ್ಮದು ನೇಯ್ಗೆಯ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಲಿಪಿ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ನಾನೂ ದೊಡ್ಡವಳಾದ ಮೇಲೆ ಹಟ ಹಿಡಿದು ಕಲಿತದ್ದು. ಅವ್ವನ ಕನ್ನಡವೆಲ್ಲ ಅವಳ ಕೊರಳಲ್ಲೇ ಇದೆ. ಆ ಕೊರಳೋ, ಮಗ್ಗದ ಸದ್ದನ್ನೂ ಮೀರಿ ಬೀದಿಯ ಆ ತುದಿಗೆ ಮುಟ್ಟುವಂಥದ್ದು. ಬೆಳಿಗ್ಗೆ ಎದ್ದು ದೀಪ ಹಚ್ಚಿ, ನಮ್ಮ ಮನೆದೇವರು ಚೌಡಮ್ಮನ ಪಟದ ಮುಂದೆ ನಿಂತು ಗದರಲು ಶುರುಮಾಡುತ್ತಾಳೆ: “ಏನ್ ತಾಯಿ, ನೂಲಿನ ರೇಟು ಇಷ್ಟು ಏರ್ತಾ ಇದೆ, ನೀ ಕಣ್ಣು ಬಿಟ್ಕೊಂಡು ನೋಡ್ತಾ ಕೂತಿದೀಯಲ್ಲ, ನಾಚ್ಕೆ ಆಗಲ್ವಾ ನಿನಗೆ?” ಇದನ್ನು ಪ್ರಾರ್ಥನೆ ಅನ್ನಬೇಕೋ ಜಗಳ ಅನ್ನಬೇಕೋ, ನನ್ನ ಶಾಸ್ತ್ರದಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಕೊಯಮತ್ತೂರಿನ ಡಾಕ್ಟರು ಪರೀಕ್ಷೆ ಮಾಡಿ, ಗಡ್ಡೆ ಶ್ವಾಸನಾಳವನ್ನು ಒತ್ತುತ್ತಿದೆ, ಆಪರೇಷನ್ ಮಾಡಿ ತೆಗೆಯಲೇಬೇಕು, ತಡ ಮಾಡಿದರೆ ಉಸಿರಿಗೇ ಕುತ್ತು ಅಂದರು. ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದೆ, ಅಪರೂಪಕ್ಕೆ ಅದಕ್ಕೆ ಪೆಟ್ಟಾಗಿ ದನಿ ಕೆಡುವುದುಂಟು ಅಂತಲೂ ಅಂದರು. ಹೇಳುವುದು ಅವರ ಧರ್ಮ. ಅವ್ವ ಉಸಿರಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಕೊರಳು ಹೋಗ್ಬಿಡ್ತದಾ, ನನ್ ಕಣ್ಣು?” ಅಂತ ನನ್ನನ್ನು ಕೇಳಿದಳು.

“ಅಪರೂಪ ಅಂದ್ರಲ್ಲ ಅವ್ವ. ನಿನಗೆ ಏನೂ ಆಗಲ್ಲ.”

“ತಾಯಿನ ಹೂ ಕೇಳ್ತೀನಿ,” ಅಂದಳು.

ಹೂ ಕೇಳುವುದು ಈ ಸೀಮೆಯ ಪದ್ಧತಿ. ಬಾಳೆಲೆಯ ಒಂದು ತುಂಡಿನಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು ಕಣಗಿಲೆ ಇಟ್ಟು, ಒಳಗಿರುವುದು ಕಾಣದ ಹಾಗೆ ಮಡಿಸಿ ನೂಲು ಸುತ್ತಿ, ದೇವಿಯ ಪಾದದ ಹತ್ತಿರ ಇಡುತ್ತೇವೆ. ಪ್ರಶ್ನೆ ಮನಸ್ಸಿನಲ್ಲಿರುತ್ತದೆ. ವಿಷಯ ತಿಳಿಯದ ಯಾರನ್ನಾದರೂ ಕರೆದು ಒಂದು ಪೊಟ್ಟಣ ಎತ್ತಿಸಿದರೆ, ಬಿಳಿ ಬಂದರೆ ದೇವಿ ಹೂಂ ಅಂದಳು, ಕೆಂಪು ಬಂದರೆ ಊಹೂಂ. ಹೆಣ್ಣು ಕೊಡುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ನಮ್ಮ ಬೀದಿಯಲ್ಲಿ ಕೊನೆಯ ಮಾತು ಅವಳದೇ.

ಅವ್ವನಿಗೆ ಕೆಂಪು ಬಂತು.

“ತಾಯಿ ವೇಣಾಂ ಅಂದ್ಬಿಟ್ಲು. ಇನ್ನು ಆ ಪೇಚ್ಚೇ ಬೇಡ, ಮಾತೇ ಎತ್ಬೇಡ,” ಅಂತ ಫೋನಿನಲ್ಲಿ ಹೇಳಿದಳು. ದನಿಯಲ್ಲಿ ಒಂದು ನೆಮ್ಮದಿ ಬೇರೆ! ನನಗೆ ಮೈಯೆಲ್ಲ ಉರಿದುಹೋಯಿತು. “ಹೂವಿಗೇನು ಗೊತ್ತವ್ವ ಗಡ್ಡೆ ವಿಷಯ?” ಅಂತ ಕೂಗಾಡಿದೆ. “ಹೂವಿಗೆ ಗೊತ್ತಿಲ್ಲ, ತಾಯಿಗೆ ಗೊತ್ತು,” ಅಂತ ಫೋನ್ ಇಟ್ಟಳು. ದೈವದ ಜೊತೆ ಕೈ ಸೇರಿಸಿ ಅಂತ ಊರಿಗೆಲ್ಲ ಹೇಳಿದವಳು ನಾನು. ಅವ್ವ ಸೇರಿಸಿದ ಕೂಡಲೇ ನನಗೆ ವಿಜ್ಞಾನ ನೆನಪಾಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಆದರೂ ಬುದ್ಧಿವಂತರ ಸಹವಾಸ ಇಂಥ ಹೊತ್ತಿಗಲ್ಲದೆ ಇನ್ಯಾವಾಗ ಅಂದುಕೊಂಡು ಶನಿವಾರ ಬಳಗದ ಮುಂದೆ ವಿಷಯ ಇಟ್ಟೆ. ಅಲ್ಲಿ ನಡೆಯುವುದೆಲ್ಲ ತಮಿಳು, ಇಂಗ್ಲಿಷಿನ ಬೆರಕೆಯಲ್ಲಿ. ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಹಿರಿಯರು ಕಣ್ಣು ಮುಚ್ಚಿ ತೆರೆದರು. “ನಿಮ್ಮ ತಾಯಿ ಹೂವಿನಲ್ಲಿ ಸಿಕ್ಕಿಕೊಂಡಿದ್ದಾರಮ್ಮ. ಹೂವು, ದೇವಿ, ಇವೆಲ್ಲ ಕೆಳಗಿನ ಮೆಟ್ಟಿಲು. ದಿನಾ ಸ್ವಲ್ಪ ಹೊತ್ತು ಮೌನವಾಗಿ ಕೂರಲಿ. ಮೌನದಲ್ಲಿ ಎಲ್ಲ ಪ್ರಶ್ನೆಯೂ ಕರಗುತ್ತದೆ.”

“ಸರ್, ಅವರಿಗೆ ಹೆದರಿಕೆ ಇರುವುದೇ ಮೌನದ ಬಗ್ಗೆ,” ಅಂದೆ.

ಮೇಡಂಗೆ ರೇಗಿತು. ನನ್ನ ಮೇಲಲ್ಲ, ಹಿರಿಯರ ಮೇಲೆ. “ಕೆಳಗಿನ ಮೆಟ್ಟಿಲು ಅನ್ನೋಕೆ ನೀವ್ಯಾರು? ಆಕೆ ಮತ್ತು ದೇವಿ ಸೇರಿ ಒಂದು ಸತ್ಯವನ್ನು ಹುಟ್ಟಿಸುತ್ತಿದ್ದಾರೆ!” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ನೀವು ದಯವಿಟ್ಟು ಮಧ್ಯೆ ಪ್ರವೇಶಿಸಬೇಡಿ. ಇಷ್ಟು ಶುದ್ಧವಾದ ಸಂದರ್ಭ ಸಿಗುವುದು ಕಷ್ಟ,” ಅಂದರು.

“ಮೇಡಂ, ಗಡ್ಡೆ ಬೆಳೀತಾ ಇದೆ.”

“ಬೆಳೆಯಲಿ, ಅಂದರೆ, ನಾನು ಹೇಳಿದ್ದು ಪ್ರಕ್ರಿಯೆ ಬೆಳೆಯಲಿ ಅಂತ.”

ಅಲ್ಲಿಂದ ಮುಂದೆ ನನ್ನನ್ನು ಯಾರೂ ಕೇಳಲಿಲ್ಲ. ಅವ್ವನಿಗೆ ಆಗಿರುವುದು ‘ನಾನು’ ಇನ್ನೂ ಗಟ್ಟಿಯಾಗದ ಮಗುವಿನ ಸ್ಥಿತಿಯೋ, ‘ನಾನು’ವನ್ನು ದಾಟಿದ ಜ್ಞಾನಿಯ ಸ್ಥಿತಿಯೋ ಅನ್ನುವುದರ ಮೇಲೆ ಎರಡೂ ಬಣ ಜಿದ್ದಿಗೆ ಬಿದ್ದವು. ಅವ್ವನನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸಿದರು, ಕೆಳಗೆ ಇಳಿಸಿದರು, ಮತ್ತೆ ಹತ್ತಿಸಿದರು. ಪಾಪ, ಅವಳಿದ್ದದ್ದು ನೆಗಮಂನಲ್ಲಿ, ಮಗ್ಗದ ಮುಂದೆ, ನುಂಗಲು ಕಷ್ಟಪಡುತ್ತಾ. ಕೊನೆಗೆ ಎರಡು ಬಣಗಳೂ ಎಂದೂ ಇಲ್ಲದ ಒಮ್ಮತದಿಂದ ಒಂದು ತೀರ್ಮಾನಕ್ಕೆ ಬಂದವು: ಮುಂದಿನ ಸಭೆಗೆ ಅವ್ವನನ್ನೇ ಕರೆತರಬೇಕು. ಆಕೆ ಮಾತಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು.

ಥೂ, ನಿಮ್ಮ ಶಾಸ್ತ್ರಕ್ಕಿಷ್ಟು ಬೆಂಕಿ ಬೀಳ ಅಂತ ಕನ್ನಡದಲ್ಲಿ ಅಂದೆ. ಯಾರಿಗೂ ಅರ್ಥವಾಗಲಿಲ್ಲ, ಮೇಡಂ ತಲೆದೂಗಿದರು. ನಾನು ಕಾಫಿಗೂ ಕಾಯದೆ ಎದ್ದು ಬಂದೆ. ದಾರಿಯಲ್ಲಿ ಹೂವಿನಂಗಡಿ ಕಂಡಿತು. ಬಿಳಿ ಕಣಗಿಲೆ ಕೊಂಡೆ. ಬರೀ ಬಿಳಿ.

ಮೊದಲ ಸಲ ಊಹೂಂ ಬಂದರೆ ಇನ್ನೊಂದು ಸಲ ಕೇಳಲು ಅವಕಾಶವಿದೆ, ಹೆತ್ತ ಮಗಳು ಜೊತೆಗೆ ನಿಂತರೆ. ಮರುದಿನ ಪೊಳ್ಳಾಚಿ ಬಸ್ಸು ಹತ್ತಿ ನೆಗಮಂಗೆ ಹೋಗಿ, ನನಗಾಗಿ ಇನ್ನೊಂದು ಸಲ ಕೇಳು ಅಂತ ಅವ್ವನ ಕೈ ಹಿಡಿದೆ. ಆಶ್ಚರ್ಯವೆಂದರೆ ಅವಳು ಚೂರೂ ರಗಳೆ ಮಾಡದೆ ಒಪ್ಪಿದಳು. “ಬರೋದು ಕೆಂಪೇ, ನೋಡ್ಕೋ,” ಅಂತ ಹಿತ್ತಲಿಗೆ ಹೋಗಿ ತಾನೇ ಹೂ ಬಿಡಿಸಿ, ಪೊಟ್ಟಣ ಕಟ್ಟಿಕೊಂಡು ಬಂದಳು. ಅಷ್ಟರಲ್ಲಿ ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ನನ್ನವನ್ನು ಕಟ್ಟಿದೆ. ಅದೇ ಬಾಳೆಲೆ, ನಮ್ಮ ಮಗ್ಗದ್ದೇ ನೂಲು, ಅವ್ವ ಹಾಕುವ ಗಂಟೇ. ನೇಯ್ಗೆಯವರ ಮಗಳಿಗೆ ಗಂಟು ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಗುಡಿಯಲ್ಲಿ ಪೂಜಾರಿ ಅವ್ವನ ಪೊಟ್ಟಣಗಳನ್ನು ದೇವಿಯ ಮುಂದಿನ ತಟ್ಟೆಯಲ್ಲಿ ಇಟ್ಟು ಕರ್ಪೂರ ತರಲು ಒಳಗೆ ಹೋದರು. ಅವ್ವ ಪ್ರದಕ್ಷಿಣೆಗೆ ಹೊರಟಳು. ಅವಳು ಗುಡಿಯ ಹಿಂದೆ ಮರೆಯಾದ ಕೂಡಲೇ ನಾನು ಬಗ್ಗಿದೆ. ಅವಳ ಎರಡೂ ನನ್ನ ಬ್ಯಾಗಿಗೆ, ನನ್ನ ಎರಡೂ ತಟ್ಟೆಗೆ. ಚೌಡಮ್ಮ ಎಂದಿನಂತೆ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. “ನೀನು ಸುಮ್ನಿರು ತಾಯಿ, ನನಗೆ ನನ್ನ ಅವ್ವ ಬೇಕು,” ಅಂದೆ. ಬುದ್ಧಿ ಬಂದಮೇಲೆ ನಾನು ಅವಳೊಡನೆ ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು.

ಅಭಿಷೇಕಕ್ಕೆ ಹಾಲು ತಂದಿದ್ದ ಒಬ್ಬ ಹೆಂಗಸನ್ನು ಕರೆದು ಪೂಜಾರಿ ಪೊಟ್ಟಣ ಎತ್ತಿಸಿದರು. ನೂಲು ಬಿಚ್ಚಿ ಹೂವನ್ನು ಅವ್ವನ ಅಂಗೈಗೆ ಹಾಕಿದರು. ಬಿಳಿ.

ಅವ್ವ ಆ ಹೂವನ್ನೇ ನೋಡುತ್ತಾ ನಿಂತಳು. ತುಂಬಾ ಹೊತ್ತು. ಬೆರಳಲ್ಲಿ ಎಸಳು ಮುಟ್ಟಿದಳು, ನನ್ನ ಮುಖ ನೋಡಿದಳು, ದೇವಿಯ ಮುಖ ನೋಡಿದಳು. ನನ್ನೊಳಗಿನ ಪಂಡಿತೆಗೆ ಆಗಲೂ ನಿದ್ದೆಯಿಲ್ಲ. ವಿಸ್ಮಯ, ಭಯ, ಶರಣಾಗತಿ, ಪುಸ್ತಕದಲ್ಲಿ ಬರೆದ ಲಕ್ಷಣಗಳೆಲ್ಲ ಅವಳ ಮುಖದಲ್ಲಿ ಒಂದೂ ಬಿಡದೆ ಇವೆ ಅಂತ ಗುರುತು ಹಾಕಿಕೊಂಡೆ. ಅವ್ವ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿದಳು. “ಸರಿ. ಆಸ್ಪತ್ರೆಗೆ ಯಾವತ್ತು ಬರ್ಬೇಕು?” ಅಂದಳು.

ಒಬ್ಬಳೇ ವಾಪಸ್ಸು ಬರುವಾಗ ಬಸ್ಸಿನಲ್ಲಿ ಗೆದ್ದ ಖುಷಿಯಲ್ಲಿ ಅವಳ ಪೊಟ್ಟಣಗಳನ್ನು ಬಿಚ್ಚಿದೆ. ಮೊದಲನೆಯದರಲ್ಲಿ ಕೆಂಪು. ಎರಡನೆಯದರಲ್ಲೂ ಕೆಂಪು.

ಎಲಾ ಅವ್ವ! ಅಂದರೆ ಮೊದಲ ಸಲವೂ ಇದೇ ಆಟ ಕಟ್ಟಿದ್ದಳು. ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ತಿರುಗಿ ನೋಡಿದರು. ನಗು ನಿಲ್ಲುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಎರಡರಲ್ಲೂ ತನ್ನ ಕೈಯಾರೆ ಕೆಂಪು ಇಟ್ಟವಳ ಅಂಗೈಗೆ ಬಿಳಿ ಬಿದ್ದಿದೆ. ಅವಳ ಪಾಲಿಗೆ ಅದು ಪವಾಡವಲ್ಲದೆ ಇನ್ನೇನು? ಚೌಡಮ್ಮ ಕೆಂಪನ್ನು ಬಿಳಿ ಮಾಡಿದಳು ಅಂತ ನಂಬಿ ಅವ್ವ ಕತ್ತಿಯ ಕೆಳಗೆ ಕೊರಳು ಇಡಲು ಹೊರಟಿದ್ದಾಳೆ. ಆ ಚೌಡಮ್ಮ ನಾನು. ನಾಳೆ ದನಿ ಹೋದರೆ ಅವಳು ಯಾವ ದೇವರನ್ನು ಗದರಬೇಕು?

ಆಪರೇಷನ್ನಿನ ಬೆಳಿಗ್ಗೆ ತಡೆಯಲಾಗಲಿಲ್ಲ. ಹಸಿರು ಗೌನು ತೊಟ್ಟು, ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟು ಮಲಗಿದ್ದಳು. “ಅವ್ವ, ಆ ಹೂವಿನ ವಿಷಯ ಒಂದು ಹೇಳ್ಬೇಕು...” ಅಂತ ಶುರುಮಾಡಿದೆ.

“ಸುಮ್ನಿರು. ತಾಯಿ ಹೂಂ ಅಂದಾಯ್ತು. ಕೊಟ್ಟ ವಾಕ್ಕು ತಿರುಗಿ ಕೇಳ್ಬಾರ್ದು.”

“ಹಂಗಲ್ಲ ಅವ್ವ...”

“ಬಾಯಿ ಮುಚ್ಚು ಅಂದ್ನಲ್ಲ!” ಅಂತ ಗದರಿದಳು. ಎದುರು ಮಂಚದವರು ಎದ್ದು ಕೂತರು. ಅಷ್ಟು ದೊಡ್ಡ ದನಿ. ಅದೇ ದನಿ ಕಿವಿಯಲ್ಲಿ ಇಟ್ಟುಕೊಂಡು ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಕೂತಿದ್ದಾಗ ಮೇಡಂ ಫೋನ್ ಬಂತು: ಅಮ್ಮನವರಿಗೆ ಬರಲು ಅನುಕೂಲವಾದ ಶನಿವಾರ ಯಾವುದು? ನಾನು ಫೋನ್ ಆಫ್ ಮಾಡಿ, “ತಾಯಿ, ಮಾಡಿದ್ದು ನಾನು, ಅವಳ ಮೇಲೆ ಸಿಟ್ಟು ತೀರಿಸ್ಕೋಬೇಡ” ಅಂತ ಬೇಡಿಕೊಂಡೆ.

ಗಡ್ಡೆಯನ್ನು ಪೂರ್ತಿ ತೆಗೆದರು. ಅವ್ವ ಕಣ್ಣು ಬಿಟ್ಟ ಮೇಲೆ ಡಾಕ್ಟರು ಬಂದು, ಮಂಚದ ಮೇಲೆ ಬಗ್ಗಿ, “ಏನಾದರೂ ಮಾತಾಡಿ ಅಮ್ಮ, ದನಿ ನೋಡೋಣ,” ಅಂತ ತಮಿಳಿನಲ್ಲಿ ಕೇಳಿದರು. ಕೊರಳಿಗೆ ಬ್ಯಾಂಡೇಜು. ಅವ್ವ ತುಟಿ ಅಲ್ಲಾಡಿಸಿದಳು, ಬರೀ ಗಾಳಿ ಬಂತು. ಡಾಕ್ಟರು ಇನ್ನೊಂದು ಸಲ ಅಂದರು. ನಾನು ಓಲೆಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದೆ.

ಅವ್ವ ನನ್ನ ಕಡೆ ಕಣ್ಣು ತಿರುಗಿಸಿದಳು. ಎಂಜಲು ನುಂಗಿದಳು. ಒಡಕು ದನಿ, ಆದರೆ ಅವಳದೇ ದನಿ, ಅವಳದೇ ಗದರಿಕೆ:

“ಅಲ್ವೇ, ತಾಯಿ ಮುಂದೆ ಇಡೋ ಹೂವು... ಹೊಸಾದು ತರೋಕೆ ಏನಾಗಿತ್ತು ನಿನಗೆ? ಬಾಡಿಹೋಗಿತ್ತಲ್ಲೇ.”

ಡಾಕ್ಟರು ಸಂತೋಷದಿಂದ ನೆಟ್ಟಗೆ ನಿಂತರು. “ನರ ಚೆನ್ನಾಗಿದೆ. ಏನಂದರು ಅಮ್ಮ?” ಅಂತ ನನ್ನನ್ನು ಕೇಳಿದರು. ನನ್ನ ಗಂಟಲಿನಿಂದ ದನಿಯೇ ಹೊರಡಲಿಲ್ಲ.