ಹಿರಿಯರ ಎಡೆಗೆ ಸೋಯಾ ಸಾರು

ಎಂಬತ್ತರ ದಶಕದಲ್ಲಿ ಊರೂರಿಗೆ ಹೋಗಿ ಹೆಂಗಸರಿಗೆ ಸೋಯಾ ಉಂಡೆಯ ಅಡುಗೆ ಕಲಿಸುವುದು ನನ್ನ ಕೆಲಸವಾಗಿತ್ತು. ಸೊಕ್ಕೆ ಎಂಬ ಊರಲ್ಲಿ ಕೆಂಚಮ್ಮ ಎಂಬುವಳ ಮನೆಯ ಒಲೆಯ ಮೇಲೆ ಮಸಾಲೆ ಅರೆದು ಹಾಕಿ ಸಾರು ಮಾಡಿದೆ. "ಥೇಟ್ ಮಾಂಸದ ಹಾಗೇ ಇರುತ್ತೆ" ಎಂದು ಎಲ್ಲ ಕಡೆ ಹೇಳುವಂತೆ ಅಲ್ಲೂ ಹೇಳಿದೆ.

ಸೇರಿದ್ದ ಉಳಿದ ಹೆಂಗಸರು ರುಚಿ ನೋಡಿ ಎದ್ದು ಹೋದರು. ಕೆಂಚಮ್ಮ ಮಾತ್ರ ಬಟ್ಟಲು ಮುಟ್ಟದೆ ಕೂತಿದ್ದಳು.

"ಅಕ್ಕಾರೆ, ಹಿರಿಯರ ಹಬ್ಬಕ್ಕೆ ನಮ್ಮನೆಯೋರಿಗೆ ಇದನ್ನ ಎಡೆ ಇಟ್ರೆ ನಡೀತೈತಾ?"

ಗಂಡ ಹಾಸಿಗೆ ಹಿಡಿದಾಗ, ಅವನು ಉಳಿಯಲಿ ಎಂದು ಹರಕೆ ಹೊತ್ತು ಮಾಂಸ ಬಿಟ್ಟವಳು ಅವಳು. ಅವನು ಉಳಿಯಲಿಲ್ಲ. ಇವಳು ಹರಕೆ ಮುರಿಯಲಿಲ್ಲ. ಹಬ್ಬದ ದಿನ ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕು. ಅವನಿಗೆ ಇಷ್ಟವಿದ್ದದ್ದು ಕುರಿ ಮಾಂಸದ ಸಾರು, ಅದನ್ನು ಇವಳು ಮುಟ್ಟುವ ಹಾಗಿಲ್ಲ.



"ಇದು ಮಾಂಸ ಅಲ್ಲ ಅಂತ ಅವರಿಗೆ ಗೊತ್ತಾದರೆ?" ಎಂದುಬಿಟ್ಟೆ, ಪೆದ್ದಿಯ ಹಾಗೆ.

ಕೆಂಚಮ್ಮ ಸೌಟಿನಲ್ಲಿ ಒಂದು ಉಂಡೆ ಎತ್ತಿ, ಬಹಳ ಹೊತ್ತು ನೋಡಿ, ಮತ್ತೆ ಸಾರಿಗೆ ಬಿಟ್ಟಳು.

"ಇದ್ದಾಗ ನಾನು ಮಾಡಿದ್ದನ್ನ ಹೆಂಗೈತೆ ಅಂತ ಒಂದಿನನೂ ಅಂದೋರಲ್ಲ. ಈಗೇನ್ ಅಂತಾರೆ ಬಿಡ್ರಿ."