ಹುಳದ ಮನೆಯ ಹೊರಗೆ ನಾನು

ನಮ್ಮ ಹುಳದ ಮನೆಗೆ ಇಷ್ಟು ವರ್ಷ ನಾನೇ ಪೊಲೀಸು. ರೇಷ್ಮೆ ಹುಳಕ್ಕೆ ಯಾವ ಘಾಟು ವಾಸನೆಯೂ ಆಗಿಬರುವುದಿಲ್ಲ. ಸೆಂಟು ಹಾಕಿಕೊಂಡು ಬಂದ ಷಡ್ಡಕನನ್ನು ಜಗಲಿಯಲ್ಲೇ ಕೂರಿಸಿದ್ದೆ. ಬೀಡಿ ಸೇದಿ ಬಂದ ತಮ್ಮನ ಕೈಗೆ ಸೋಪು ಕೊಟ್ಟು ಬಚ್ಚಲಿಗೆ ಅಟ್ಟಿದ್ದೆ. ಅಂಥ ನನಗೇ ಹೊರಗೆ ಕೂರುವ ಕಾಲ ಬಂತು.

ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಬೆಂಗಳೂರಿನ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ರೇಡಿಯೇಷನ್ ಕೊಡ್ತೀವಿ. ಕಾಯಿಲೆ ವಾಸಿಯಾಗಲಿ ಅಂತ ಅಲ್ಲ. ನೋವು ಕಮ್ಮಿಯಾಗಲಿ, ಕಾಲಿನ ಬಲ ಉಳೀಲಿ ಅಂತ" ಅಂದರು. ದೇವರು ದಿಂಡರು ನೆನಪಾಗಬೇಕಿದ್ದ ಹೊತ್ತಿನಲ್ಲಿ ನನಗೆ ನೆನಪಾದದ್ದು ಹುಳ. ಮರಿಹುಳ ತಂದು ಆಗಲೇ ಸಾಕಲು ಶುರುಮಾಡಿದ್ದೆವು. ಈ ಬೆಳೆ ಗೂಡು ಕಟ್ಟುವಾಗ ಒಳಗೆ ನಾನು ನಿಂತಿರಬೇಕು, ಅಷ್ಟೇ ಆಸೆ. "ಅಷ್ಟಾದ್ರೆ ಸಾಕು ಬುಡಿ" ಅಂದೆ, ದೊಡ್ಡ ತ್ಯಾಗಿಯ ಹಾಗೆ.

ಮೆಷಿನ್ನಿನ ಕೆಳಗೆ ಮಲಗಿದ್ದಷ್ಟೇ. ಸುಡಲೂ ಇಲ್ಲ, ಚುಚ್ಚಲೂ ಇಲ್ಲ. ನಮ್ಮ ಕಡೆ ಇದಕ್ಕೆ ಕರೆಂಟು ಕೊಡಿಸೋದು ಅನ್ನುತ್ತಾರೆ. ಕರೆಂಟು ಅಂದಮೇಲೆ ಮೈಯಲ್ಲಿ ಒಂದಿಷ್ಟಾದರೂ ಉಳಿದಿರಲೇಬೇಕಲ್ಲ? ಕಾರಿನಲ್ಲಿ ಮಲಗಿಕೊಂಡು ಬರುವಾಗ, ಕನಕಪುರ ದಾಟುವಷ್ಟರಲ್ಲಿ ನನ್ನ ವಿಜ್ಞಾನ ಪೂರ್ತಿಯಾಗಿತ್ತು: ಬೆನ್ನಿನಿಂದ ಸೋರುವ ಕರೆಂಟಿಗೆ ಹುಳವೆಲ್ಲ ಸಾಯುತ್ತವೆ.

ಅವತ್ತಿನಿಂದ ಹುಳದ ಮನೆಯ ಆಚೆ ಕುರ್ಚಿ ಹಾಕಿಕೊಂಡೆ. "ಸೊಪ್ಪು ತೆಳ್ಳಗೆ ಹಾಕು, ಸುಣ್ಣ ಉದುರಿಸು" ಎಂದು ಕಿಟಕಿಯಿಂದಲೇ ಹೆಂಡತಿಗೆ ಆಜ್ಞೆ. ಅವಳು ಹೂಂ ಅಂದುಕೊಂಡು ತನಗೆ ಸರಿಕಂಡಂತೆ ಮಾಡುತ್ತಿದ್ದಳು. ನೋವು ಮೊದಮೊದಲು ಇನ್ನೂ ಕೆರಳಿತು. ಮಾತ್ರೆ ಸಾಲದೆಂದು, ಕರೆಂಟು ಕೊಟ್ಟ ಜಾಗ ಬಿಟ್ಟು, ತೊಡೆಗೆ ಮೀನಖಂಡಕ್ಕೆಲ್ಲ ನೋವಿನ ಮುಲಾಮು ಮೆತ್ತಿಕೊಂಡು ಕೂತೆ.

ಹುಳ ಪೊರೆ ಬಿಡುವ ಕೊನೆಯ ಜ್ವರ ಕಳೆದು, ಸೊಪ್ಪು ತಿನ್ನೋದು ಬಿಟ್ಟು ಗೂಡಿಗೆ ಹಣ್ಣಾಗತೊಡಗಿದವು. ಆ ಬೆಳಿಗ್ಗೆ ಹೆಂಡತಿ ಹತ್ತಿರ ಬಂದು ನನ್ನನ್ನು ಮೂಸಿದಳು.

"ಮುಲಾಮ್ ಅಚ್ಕಂಡಿಲ್ವಾ?"

ಹೌದಲ್ಲ! ನೋವು ತಗ್ಗಿ, ಕೆಲವು ದಿನದಿಂದ ಡಬ್ಬಿಯ ನೆನಪೇ ಬಂದಿರಲಿಲ್ಲ.

"ಹಂಗಾದ್ರೆ ಬನ್ನಿ ಒಳೀಕೆ."

"ಮೈಯಾಗೆ ಕರೆಂಟ್ ಐತೆ ಕಣೆ!"

"ಕರೆಂಟೂ ಇಲ್ಲ, ಗಿರೆಂಟೂ ಇಲ್ಲ. ಡಾಕ್ಟರಮ್ಮನ್ನ ಅವತ್ತೇ ಆಸ್ಪತ್ರೇಲಿ ಕೇಳ್ಕ ಬಂದಿವ್ನಿ. ನಿಮ್ಮ ಮುಲಾಮ್ ನಾತಕ್ಕೆ ಹುಳ ಕೆಡ್ತವೆ ಅಂತ ಸುಮ್ಕಿದ್ದೆ."

ಕೋಲೂರಿಕೊಂಡು ಒಳಗೆ ಹೋದೆ, ನನ್ನ ಕಾಲ ಮೇಲೆಯೇ. ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಟ್ಟೆ. ಕಾಯಿಲೆ ಬೆನ್ನಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ, ಗೊತ್ತು. ಆದರೂ ಮದುವೆಯ ದಿನ ಕೂಡ ಇಷ್ಟು ಸಂತೋಷ ಆಗಿರಲಿಲ್ಲ. ಬುದ್ಧಿಯಿಲ್ಲದೆ ಹಾಗಂತ ಹೆಂಡತಿಗೇ ಹೇಳಿಬಿಟ್ಟೆ.

ಅವಳು ತಲೆ ಎತ್ತಲಿಲ್ಲ. "ಮುಂದ್ಲ ಬೆಳೆಗೂ ಇಂಗೇ ಬರ್ಬೇಕು, ನಾತ ಇಲ್ದೆ" ಅಂದಳು.

ಹೂಂ ಅಂದೆ. ಡಾಕ್ಟರಮ್ಮ ಅಷ್ಟು ದೂರದ ಮಾತು ಕೊಟ್ಟಿರಲಿಲ್ಲ. ನಾನು ಕೊಟ್ಟೆ.